ಸ್ಪಿಟ್‌ಫೈರ್‌ಗೆ ಜಿಪ್ಸಿ ಇಂಜಿನ್: ಚಾಸಿಗೆ ಒಂದೂ ತೂತು ಕೊರೆಯದೆ

ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3, ಬ್ರಿಟನ್ನಿನ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು. ಒಳಗೆ ಕೂರಿಸಿದ್ದು ಮಾರುತಿ ಜಿಪ್ಸಿ ಕಿಂಗ್‌ನ ಜಿ13ಬಿಬಿ ಇಂಜಿನ್, ಅಂದರೆ 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಬಗೆ). ಜೊತೆಗೆ ಅದರದೇ 5 ಗೇರಿನ ಬಾಕ್ಸ್. ಕೆಲಸ ನಡೆದದ್ದು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ, 2025ರ ಜನವರಿಯಿಂದ ಆಗಸ್ಟ್‌ವರೆಗೆ, ಸಂಜೆ ಮತ್ತು ಭಾನುವಾರಗಳಲ್ಲಿ. ಲೇತಿನವರು ನಿಪ್ಪಾಣಿ ಕಡೆಯವರು, ವೆಲ್ಡಿಂಗಿನವರು ಇಂಡಿ ತಾಲೂಕಿನವರು. ಹೀಗಾಗಿ ಅಳತೆಯೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬಿದ್ದಿವೆ. ಈ ದಾಖಲೆ ಆ ಗೋಡೆಯಿಂದ ಇಳಿಸಿಕೊಂಡದ್ದು.

ಶುರು ಮಾಡುವ ಮೊದಲೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆವು. ಕಾರಿನ ಚಾಸಿಗಾಗಲಿ (ಅಡಿಯ ಉಕ್ಕಿನ ಚೌಕಟ್ಟು), ಮೇಲಿನ ಬಾಡಿಗಾಗಲಿ ಹೊಸ ತೂತು ಬೀಳಬಾರದು, ಒಂದು ಟಾಕೂ ವೆಲ್ಡಿಂಗ್ ಆಗಬಾರದು. ಕೂಡಿಸುವುದೆಲ್ಲ ಹಳೆಯ ಬೋಲ್ಟ್ ತೂತುಗಳಲ್ಲೇ ಕೂಡಬೇಕು. ಕಾರಿನ ಮೂಲ ಇಂಜಿನ್ ಒಳಗೆ ಸವೆದು ಕೆಟ್ಟಿತ್ತು. ಅದಕ್ಕೆ ಬೇರೆ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಸಿಕ್ಕರೆ ಎರಡೇ ದಿನದಲ್ಲಿ ಅದನ್ನು ವಾಪಸ್ ಕೂರಿಸುವಂತಿರಬೇಕು. ಇಂಥ ಕಾರುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟಿವೆ. ಕತ್ತರಿಸಿದ ಚಾಸಿ ಮತ್ತೆ ಮೂಲದ್ದಾಗುವುದಿಲ್ಲ. ಈ ಕಟ್ಟುಪಾಡಿನಿಂದ ಕೆಲಸ ಮೂರು ತಿಂಗಳು ಹೆಚ್ಚು ಹಿಡಿಯಿತು, ಆ ಮೂರು ತಿಂಗಳು ದಂಡವಲ್ಲ.

ಹಂತ 1. ಜನವರಿ 12: ಹಳೆಯ ಇಂಜಿನ್ ಬಿಚ್ಚಿ ನೋಡಿದ್ದು

ಕ್ಲಚ್ ತುಳಿದಾಗಲೆಲ್ಲ ಮುಂದಿನ ಪುಲ್ಲಿ ಮುಂದಕ್ಕೆ ಸರಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಡಯಲ್ ಗೇಜ್ ಇಟ್ಟರೆ 1.9 ಮಿ.ಮೀ. ಅಲ್ಲಿರಬೇಕಾದ ಸಡಿಲು 0.1ರಿಂದ 0.2 ಮಿ.ಮೀ. ಮಾತ್ರ. ಸಂಪ್ (ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ) ಇಳಿಸಿದಾಗ ತಳದ ಕಪ್ಪು ಎಣ್ಣೆಯಲ್ಲಿ ಎರಡು ಅರ್ಧಚಂದ್ರದ ಬಿಲ್ಲೆಗಳು ಸಿಕ್ಕವು. ಒಂದು ಕೈಬೆರಳು ಕುಯ್ಯುವಷ್ಟು ತೆಳ್ಳಗೆ ಸವೆದಿತ್ತು. ಅವೇ ಥ್ರಸ್ಟ್ ವಾಷರ್, ಕ್ರ್ಯಾಂಕ್ ಹಿಂದುಮುಂದು ಸರಿಯದಂತೆ ತಡೆಯುವ ಬಿಲ್ಲೆ. ಈ ಇಂಜಿನ್ನಿನಲ್ಲಿ ಹಿಂದಿನ ಮೇನ್ ಬೇರಿಂಗ್ ಹತ್ತಿರ ಬ್ಲಾಕಿನ ಕಡೆಗೆ ಮಾತ್ರ ಅರ್ಧ ವಾಷರ್ ಕೂರುತ್ತದೆ, ಬೇರಿಂಗಿನ ಕೆಳ ಮುಚ್ಚಳವಾದ ಕ್ಯಾಪಿನಲ್ಲಿ ಇರುವುದಿಲ್ಲ. ಒಂದು ಮಿತಿ ಮೀರಿ ಸವೆದರೆ ಜಾರಿ ಸಂಪಿಗೆ ಬೀಳುತ್ತದೆ. ಆಮೇಲೆ ಕ್ಲಚ್ಚಿನ ಒತ್ತಡಕ್ಕೆ ಕ್ರ್ಯಾಂಕ್ ನೇರ ಬ್ಲಾಕಿಗೆ ಉಜ್ಜುತ್ತದೆ. ಇಲ್ಲಿ ಕ್ರ್ಯಾಂಕಿನ ಕೆನ್ನೆ ಕ್ಯಾಪನ್ನು ತಿಂದು ಬ್ಲಾಕಿಗೂ ಗೀರು ಹಾಕಿತ್ತು.

ಸ್ಪಿಟ್‌ಫೈರ್, ಅದರ ಸೋದರ ಕಾರು ಹೆರಾಲ್ಡ್ ಇಟ್ಟುಕೊಂಡವರು ಈ ಒಂದು ಪರೀಕ್ಷೆಯನ್ನು ಇವತ್ತೇ ಮಾಡಿ. ಒಬ್ಬರು ಕ್ಲಚ್ ತುಳಿಯಲಿ, ಇನ್ನೊಬ್ಬರು ಪುಲ್ಲಿ ನೋಡಲಿ. ಅಲುಗಾಟ ಕಂಡರೆ ಆ ಕ್ಷಣ ಇಂಜಿನ್ ಬಂದ್ ಮಾಡಿ. ವಾಷರ್ ಬದಲಿಸಲು ಇಂಜಿನ್ ಇಳಿಸುವ ಅಗತ್ಯವೂ ಇಲ್ಲ, ಸಂಪ್ ಮತ್ತು ಹಿಂದಿನ ಕ್ಯಾಪ್ ತೆಗೆದರೆ ಸಾಕು. ತಡ ಮಾಡಿದರೆ ಬ್ಲಾಕೇ ಹೋಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಮಾರ್ಕ್ 3ರ ಮೂಲ 1296 ಸಿಸಿ ಇಂಜಿನ್ 75 ಅಶ್ವಶಕ್ತಿಯದು. ಜಿ13ಬಿಬಿ 80. ಹೆಚ್ಚು ಶಕ್ತಿ ಬೇಕೆಂದು ಈ ಅದಲುಬದಲು ಮಾಡುವವರಿಗೆ ಕೈಗೆ ಸಿಗುವುದು ಐದೇ ಅಶ್ವಶಕ್ತಿ. ಲಾಭವಿರುವುದು ಬೇರೆ ಕಡೆ: ತೂಕ, ಐದನೇ ಗೇರ್, ಮತ್ತು ಪುಣೆಯ ನಾನಾ ಪೇಠೆಗೆ ಹೋದರೆ ಅರ್ಧ ಗಂಟೆಯಲ್ಲಿ ಸಿಗುವ ಬಿಡಿಭಾಗ.

ಹಂತ 2. ಕಾಗದಪತ್ರ

ಪಾನಾ (ಸ್ಪ್ಯಾನರ್) ಹಿಡಿಯುವ ಮೊದಲು ಇದನ್ನು ಓದಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಅನ್ವಯಿಸುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. 1968ರ ಈ ಕಾರು ವಯಸ್ಸಿನಲ್ಲಿ ಪಾಸು, ಜಿಪ್ಸಿ ಇಂಜಿನ್ ಇರುವಷ್ಟು ದಿನ ರೂಪದಲ್ಲಿ ನಪಾಸು.

ಹೀಗಾಗಿ ಈ ಇಂಜಿನ್ ಒಳಗಿರುವವರೆಗೆ ಕಾರು ಸಾರ್ವಜನಿಕ ರಸ್ತೆಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಪರೀಕ್ಷೆಗೆಲ್ಲ ಟ್ರೇಲರ್ ಮೇಲೆ ಹೊತ್ತು, ಚಾಕಣ್ ಹತ್ತಿರದ ಖಾಸಗಿ ಜಮೀನಿನ ಒಳದಾರಿಗೆ ಒಯ್ದದ್ದು. ಮೂಲ ಇಂಜಿನ್ನಿಗೆ ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ, ಮರದ ಚೌಕಟ್ಟಿನಲ್ಲಿ ಇಟ್ಟಿದ್ದೆವು. ಬ್ಲಾಕಿನ ನಂಬರ್ ಉಜ್ಜಬೇಡಿ, ಅದರ ಮೇಲೆ ಬಣ್ಣ ಹೊಡೆಯಬೇಡಿ.

ಹಂತ 3. ಫೆಬ್ರುವರಿ: ಇಂಜಿನ್ ಖರೀದಿ

ಜಿಪ್ಸಿಯನ್ನೇ ಆರಿಸಲು ಮುಖ್ಯ ಕಾರಣ ಅದರ ಗೇರ್‌ಬಾಕ್ಸ್. ಜಿಪ್ಸಿಯಲ್ಲಿ ನಾಲ್ಕು ಚಕ್ರಕ್ಕೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟು ಬೇರೆಯಾಗಿ ಕೂತಿದೆ. ಅದನ್ನು ಬಿಟ್ಟುಬಿಟ್ಟರೆ ಉಳಿಯುವುದು ಉದ್ದಕ್ಕೆ ಕೂರುವ ಇಂಜಿನ್ ಮತ್ತು ಹಿಂದೆ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ಬಿಲ್ಲೆ) ಇರುವ ಸಾದಾ ಬಾಕ್ಸ್. ಬೆಲ್‌ಹೌಸಿಂಗ್ (ಇಂಜಿನ್ನಿಗೂ ಬಾಕ್ಸಿಗೂ ನಡುವಿನ ಕವಚ) ಕತ್ತರಿಸಬೇಕಿಲ್ಲ, ಅಡಾಪ್ಟರ್ ಪ್ಲೇಟ್ ಬೇಡ. ಎಸ್ಟೀಮ್‌ನಲ್ಲೂ ಇದೇ ಜಿ13ಬಿಬಿ ಇದೆ, ಆದರೆ ಅಲ್ಲಿ ಇಂಜಿನ್ ಅಡ್ಡಕ್ಕೆ ಕೂತಿದೆ. ಅಗ್ಗವೆಂದು ಅದನ್ನು ತಂದರೆ ಬಾಕ್ಸಿಗೆ ಮತ್ತೆ ಅಲೆಯಬೇಕು.

ಮುಂಬೈಯ ಕುರ್ಲಾ ಸಿಎಸ್‌ಟಿ ರಸ್ತೆಯ ಗುಜರಿಯಲ್ಲಿ ಇಂಜಿನ್, ಬಾಕ್ಸ್, ವೈರಿಂಗ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸೇರಿ 72,000 ರೂಪಾಯಿ, ಪುಣೆಗೆ ಟೆಂಪೊ 4,500. ಕೊಳ್ಳುವಾಗ ಇಂಜಿನ್ ನಂಬರ್ ಬರೆದ ಬಿಲ್ಲು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಇಸಿಯು ಮತ್ತು ವೈರಿಂಗ್ ಒಂದೇ ಗಾಡಿಯದ್ದಿರಲಿ. ಕನೆಕ್ಟರುಗಳನ್ನು ಕತ್ತರಿಸಿದ ವೈರಿಂಗ್ ತರಲೇಬೇಡಿ. ಮಾರುವವರು ಅವಸರಕ್ಕೆ ಕಟಿಂಗ್ ಪ್ಲೇಯರ್ ಹಾಕುತ್ತಾರೆ, ಆಮೇಲೆ ಒಂದೊಂದು ತಂತಿ ಹುಡುಕುವುದರಲ್ಲಿ ವಾರ ಹೋಗುತ್ತದೆ.

ನೆಲದ ಮೇಲಿಟ್ಟು ಸ್ಟಾರ್ಟರ್ ತಿರುಗಿಸಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದಾಗ ನಾಲ್ಕು ಸಿಲಿಂಡರಿಗೆ ಬಂದದ್ದು 13.2, 13.0, 13.1, 12.4. ನಾಲ್ಕನೆಯದು ಸ್ವಲ್ಪ ಕಡಿಮೆ, ನಡೆಯುತ್ತದೆ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಸೇರಿ 9,200. ಕ್ಲಚ್ ಸೆಟ್ 4,600. ಇಂಜಿನ್ ಹೊರಗಿರುವಾಗ ಹಿಂದಿನ ಸೀಲ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಒಳಗೆ ಕೂತ ಮೇಲೆ ಎರಡು ದಿನದ್ದು.

ಹಂತ 4. ಮಾರ್ಚ್ 2: ಇಳಿಸಿದ್ದು, ತೂಗಿದ್ದು

ಸ್ಪಿಟ್‌ಫೈರ್‌ನ ಇಡೀ ಮುಂಭಾಗ, ಮಡ್‌ಗಾರ್ಡ್ ಸಮೇತ, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಚಕ್ರದ ಮೇಲೆ ಕೂತು ಕೆಲಸ ಮಾಡಬಹುದು. ಗೇರ್‌ಬಾಕ್ಸ್ ಮೇಲಿನ ಮುಚ್ಚಳವೂ ಒಳಗಿನಿಂದ ಬಿಚ್ಚಿ ಬರುವಂಥದ್ದು. ಇಂಥ ಕೆಲಸಕ್ಕೆ ಇಷ್ಟು ಅನುಕೂಲವಾದ ಕಾರು ಇನ್ನೊಂದು ಸಿಗುವುದು ಕಷ್ಟ.

ನಟ್ಟು ಬೋಲ್ಟ್ ಎಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚಿನ ಪಾನಾ ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಕೂತಂತೆ ಕಾಣುತ್ತದೆ, ಜೋರು ಕೊಟ್ಟ ಕೂಡಲೇ ಜಾರುತ್ತದೆ. ಮೊದಲ ದಿನವೇ ವೆಲ್ಡಿಂಗಿನವರು ತಡೆದರು: “ಹದಿಮೂರರ ಪಾನಾ ಹಾಕಬ್ಯಾಡ್ರೀ ಸಾಹೇಬ್ರ, ಮೂಲಿ ಹಾರಿ ಬೋಲ್ಟ್ ದುಂಡಗಾಗ್ತೈತಿ.” ಆ ಮಾತು ಕೇಳುವ ಮೊದಲೇ ಎರಡು ಬೋಲ್ಟ್ ದುಂಡಗಾಗಿದ್ದವು. ಇಂಚಿನ ಪಾನಾ ಮತ್ತು ಸಾಕೆಟ್ ಸೆಟ್ಟಿಗೆ 3,800 ಕೊಟ್ಟು ತಂದ ಮೇಲೆಯೇ ಮುಂದಿನ ಕೆಲಸ.

ಚೈನ್ ಪುಲ್ಲಿಗೆ ತೂಕದ ಕೊಕ್ಕೆ ಹಾಕಿ ಎರಡನ್ನೂ ತೂಗಿದೆವು. ಹಳೆಯ ಇಂಜಿನ್, ಬಾಕ್ಸ್ ಸೇರಿ 158 ಕೆ.ಜಿ. ಜಿಪ್ಸಿಯದು 119. ಸುಜುಕಿಯ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಕೊನೆಗೆ ಕಾರಿನ ಮೂತಿ 12 ಮಿ.ಮೀ. ಮೇಲೆದ್ದಿತು. ಸ್ಪ್ರಿಂಗಿಗೆ ಕೈಹಚ್ಚಿಲ್ಲ.

ಹಂತ 5. ಮಾರ್ಚ್: ಇಂಜಿನ್ ಮೌಂಟ್, ಒಂದು ದೊಡ್ಡ ತಪ್ಪು

ಚಾಸಿಯ ಮೇಲಿನ ಹಳೆಯ ಮೌಂಟ್ (ಇಂಜಿನ್ ಕೂರಿಸುವ ಆಧಾರ) ತೂತುಗಳಿಗೆ ಸರಿಯಾಗಿ ರಟ್ಟಿನ ನಮೂನೆ ಕತ್ತರಿಸಿ, ಅದರಂತೆ 6 ಮಿ.ಮೀ. ತಗಡಿನಲ್ಲಿ ಎರಡು ಬ್ರ್ಯಾಕೆಟ್ ಮಾಡಿದೆವು. ಇಂಜಿನ್ ಕೂತಿತು, ಪುಲ್ಲಿಗೂ ಸ್ಟಿಯರಿಂಗ್ ರ್ಯಾಕಿಗೂ 12 ಮಿ.ಮೀ. ಸಂದು ಬಂತು. ಖುಷಿಯಲ್ಲಿ ಅವತ್ತೇ ಪೂರ್ತಿ ವೆಲ್ಡಿಂಗ್ ಮುಗಿಸಿದೆವು. ಮರುದಿನ ಬಾನೆಟ್ ಇಳಿಸಿದರೆ ಇಂಜಿನ್ನಿಗೆ ಗಾಳಿ ಒಯ್ಯುವ ಇನ್ಲೆಟ್ ಮ್ಯಾನಿಫೋಲ್ಡಿನ ಮೇಲ್ಭಾಗ 14 ಮಿ.ಮೀ. ತಡೆಯುತ್ತಿತ್ತು. ಬಾನೆಟ್ ಬಿಚ್ಚಿ ಪಕ್ಕಕ್ಕಿಟ್ಟು ಅಳತೆ ತೆಗೆದುಕೊಂಡದ್ದೇ ತಪ್ಪು. 2,100 ರೂಪಾಯಿಯ ಬ್ರ್ಯಾಕೆಟ್ ಗುಜರಿಗೆ ಹೋಯಿತು.

ಎರಡನೇ ಸಲ ಕ್ರಮ ಬದಲಿಸಿದೆವು. ಮೊದಲು ಬಾನೆಟ್ ಕೂಡಿಸಿ, ಇಂಜಿನ್ನಿನ ಎತ್ತರದ ಜಾಗಗಳಲ್ಲಿ ಮಕ್ಕಳ ಆಟದ ಮಣ್ಣಿನ ಉಂಡೆ ಇಟ್ಟು, ಬಾನೆಟ್ ಮುಚ್ಚಿ ತೆರೆದು, ಚಪ್ಪಟೆಯಾದ ಮಣ್ಣಿನ ದಪ್ಪ ಅಳೆದೆವು. ಇಂಜಿನ್ 30 ಮಿ.ಮೀ. ಕೆಳಗೆ ಬಂತು, ಬಾನೆಟ್ಟಿಗೆ 16 ಮಿ.ಮೀ. ಸಂದು ಉಳಿಯಿತು. ರಬ್ಬರ್ ಮೇಲೆ ಇಂಜಿನ್ ಹೊರಳಾಡುವಾಗ 10 ಮಿ.ಮೀ. ಬೇಕೇ ಬೇಕು. ನಾಲ್ಕು ಟಾಕು ಹಾಕಿ, ಬಾನೆಟ್, ರ್ಯಾಕು, ಪುಲ್ಲಿ ಎಲ್ಲ ನೋಡಿದ ನಂತರವೇ ಪೂರ್ತಿ ವೆಲ್ಡ್. ರಬ್ಬರ್ ಜಿಪ್ಸಿಯದೇ ಇರಲಿ. ಗಟ್ಟಿಯಿರಲೆಂದು ಪಿಕಪ್ ಗಾಡಿಯ ಮೌಂಟ್ ಹಾಕಿ ನೋಡಿದಾಗ ಐಡ್ಲಿಂಗಿನಲ್ಲಿ ನಡುಕಕ್ಕೆ ಕನ್ನಡಿಯಲ್ಲಿ ಮುಖವೇ ಕಾಣುತ್ತಿರಲಿಲ್ಲ.

ಗೇರ್‌ಬಾಕ್ಸಿನ ಬಾಲಕ್ಕೆ 50×25 ಮಿ.ಮೀ., 3 ಮಿ.ಮೀ. ದಪ್ಪದ ಆಯತಾಕಾರದ ಪೈಪಿನ ಅಡ್ಡಪಟ್ಟಿ, ಅದೂ ಹಳೆಯ ತೂತಿಗೇ. ಎರಡೂ ಸಲದ ಕಬ್ಬಿಣ, ವೆಲ್ಡಿಂಗ್, ರಬ್ಬರ್ ಸೇರಿ 7,500.

ಹಂತ 6. ಏಪ್ರಿಲ್: ಸಂಪ್

ಇಂಜಿನ್ ಕೆಳಗಿಳಿಸಿದ್ದರ ಬೆಲೆ ಇಲ್ಲಿ ತೆರಬೇಕಾಯಿತು. ಸಂಪಿನ ಮುಂದಿನ ಮೂಲೆ ಚಾಸಿಯ ಅಡ್ಡಪಟ್ಟಿಗೆ ತಾಕಿತು. ಚಾಸಿ ಮುಟ್ಟುವಂತಿಲ್ಲ, ಆದ್ದರಿಂದ ಸಂಪನ್ನೇ ಕತ್ತರಿಸಿದೆವು. ಮುಂದೆ 38 ಮಿ.ಮೀ. ತೆಗೆದು, ಕಳೆದುಹೋದ ಎಣ್ಣೆಯ ಜಾಗವನ್ನು ಪಕ್ಕದಲ್ಲೊಂದು ರೆಕ್ಕೆ ಕೊಟ್ಟು ತುಂಬಿಸಿಕೊಂಡೆವು. ಒಳಗೆ ಎಣ್ಣೆ ತಿರುವಿನಲ್ಲಿ ಒಂದು ಪಕ್ಕಕ್ಕೆ ಓಡದಂತೆ ತಡೆಪಟ್ಟಿ. ಎಣ್ಣೆ ಹೀರುವ ಜಾಲರಿಗೂ ತಳಕ್ಕೂ 9 ಮಿ.ಮೀ. ಇಟ್ಟಿದ್ದೇವೆ. ಇದನ್ನೂ ಮಣ್ಣಿನ ಉಂಡೆಯಿಂದಲೇ ಅಳೆದದ್ದು. ತೀರ ಅಂಟಿದರೆ ಎಣ್ಣೆ ಎಳೆಯುವುದಿಲ್ಲ, ತೀರ ದೂರವಾದರೆ ತಿರುವಿನಲ್ಲಿ ಗಾಳಿ ಎಳೆಯುತ್ತದೆ.

ಸಂಪಿನ ಬೆಸುಗೆ ಕಣ್ಣಿಗೆ ಚೆನ್ನಾಗಿಯೇ ಇತ್ತು. ಆದರೂ ಹೊರಗಡೆ ಬೆಸುಗೆಯ ಉದ್ದಕ್ಕೂ ಸೀಮೆಸುಣ್ಣ ಉಜ್ಜಿ, ಒಳಗೆ ಎರಡು ಬೆರಳು ಸೀಮೆಎಣ್ಣೆ ಸುರಿದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಬಿಳಿಯ ಮೇಲೆ ಸಾಸಿವೆ ಕಾಳಿನಷ್ಟು ಮೂರು ಒದ್ದೆ ಕಲೆ. ಆ ಮೂರನ್ನೂ ಅರೆದು ಮತ್ತೆ ಬೆಸುಗೆ, ಮತ್ತೆ ಸೀಮೆಸುಣ್ಣ. ಎರಡನೇ ರಾತ್ರಿ ಒಣಗಿಯೇ ಇತ್ತು. ನೀರು ಹಾಕಿ ಪರೀಕ್ಷಿಸಬೇಡಿ. ನೀರು ನಿಲ್ಲುವ ಸಂದಿನಲ್ಲಿ ಬಿಸಿ ಎಣ್ಣೆ ನಿಲ್ಲುವುದಿಲ್ಲ. ಸಂಪಿಗೆ 3,200.

ಹಂತ 7. ಏಪ್ರಿಲ್, ಮೇ: ಪ್ರೊಪೆಲ್ಲರ್ ಶಾಫ್ಟ್

ಗೇರ್‌ಬಾಕ್ಸಿನಿಂದ ಹಿಂಚಕ್ರಗಳ ಡಿಫರೆನ್ಷಿಯಲಿಗೆ ಶಕ್ತಿ ಒಯ್ಯುವ ದಂಡವಿದು. ಮುಂದೆ ಜಿಪ್ಸಿಯ ಫ್ಲ್ಯಾಂಜ್, ಹಿಂದೆ ಸ್ಪಿಟ್‌ಫೈರ್‌ನದು, ನಡುವೆ ಹೊಸ ಟ್ಯೂಬ್. ಸ್ಪಿಟ್‌ಫೈರ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೇ ಕಟ್ಟಿಕೊಂಡಿದೆ, ಚಕ್ರದ ಜೊತೆ ಏರಿಳಿಯುವುದಿಲ್ಲ. ಆದ್ದರಿಂದ ಶಾಫ್ಟಿನ ಉದ್ದ ಹೆಚ್ಚು ಬದಲಾಗದು. ಹಾಗೆಂದು ಉದ್ದ ಹೊಂದಿಸಿಕೊಳ್ಳುವ ಜಾರುವ ಸ್ಪ್ಲೈನ್ ಬಿಡಬೇಡಿ, ರಬ್ಬರ್ ಮೇಲಿನ ಇಂಜಿನ್ ಹಿಂದುಮುಂದು ಸರಿಯುತ್ತದೆ. ಶಾಫ್ಟಿನ ಎರಡೂ ತುದಿಯ ಕವಲುಗಳು, ಅಂದರೆ ಯೋಕುಗಳು, ಒಂದೇ ಗೆರೆಯಲ್ಲಿರಬೇಕು. ಕತ್ತರಿಸುವ ಮೊದಲೇ ಟ್ಯೂಬಿನ ಮೇಲೆ ಉದ್ದಕ್ಕೆ ಗೀರು ಎಳೆದುಕೊಳ್ಳಿ.

ತಪ್ಪಿದ್ದು ಕೋನದಲ್ಲಿ. ಬಾಕ್ಸಿನ ಫ್ಲ್ಯಾಂಜ್ 4.5 ಡಿಗ್ರಿ ಹಿಂದಕ್ಕೆ ವಾಲಿತ್ತು, ಡಿಫ್‌ನದು 3 ಡಿಗ್ರಿ. ಎರಡೂ ಸಮಾನಾಂತರವಿರಬೇಕು, ಇಲ್ಲದಿದ್ದರೆ ಒಂದು ಯುಜೆ (ಬಾಗುವ ಯೂನಿವರ್ಸಲ್ ಕೀಲು) ಹುಟ್ಟಿಸಿದ ಏರಿಳಿತವನ್ನು ಇನ್ನೊಂದು ತಿನ್ನುವುದಿಲ್ಲ. ಒಂದೂವರೆ ಡಿಗ್ರಿ ತಾನೆ ಎಂದು ಬಿಟ್ಟೆವು. ಆಗಸ್ಟಿನ ಮೊದಲ ಓಟದಲ್ಲಿ 65 ಕಿ.ಮೀ. ದಾಟಿದ ಕೂಡಲೇ ಸೀಟಿನ ಕೆಳಗೆ ಗುಂಯ್‌ಗುಡುವ ನಡುಕ. ಶಾಫ್ಟನ್ನು ಮತ್ತೆ ಬ್ಯಾಲೆನ್ಸಿಂಗಿಗೆ ಕಳಿಸಿದೆವು, ನಡುಕ ಹೋಗಲಿಲ್ಲ. ಕೊನೆಗೆ ಮುಂದಿನ ಮೌಂಟಿಗೂ ಬಾಲದ ಮೌಂಟಿಗೂ ಇರುವ 780 ಮಿ.ಮೀ. ಹಿಡಿದು ಲೆಕ್ಕ ಹಾಕಿದರೆ ಬಾಲ 20 ಮಿ.ಮೀ. ಮೇಲೇಳಬೇಕು. ಅಷ್ಟು ದಪ್ಪದ ಪಟ್ಟಿ ಕೊಟ್ಟ ಕೂಡಲೇ ನಡುಕ ನಿಂತಿತು. ಎರಡು ಸಲದ ಬ್ಯಾಲೆನ್ಸಿಂಗ್ ಸೇರಿ ಶಾಫ್ಟಿಗೆ 6,800. ಅದರಲ್ಲಿ 1,200 ರೂಪಾಯಿ, ನೂರು ರೂಪಾಯಿಯ ಕೋನಮಾಪಕವನ್ನು ನಂಬದೆ ಕಳೆದದ್ದು.

ಹಂತ 8. ಮೇ: ಕ್ಲಚ್

ಜಿಪ್ಸಿಯ ಕ್ಲಚ್ ಕೇಬಲಿನದು, ಸ್ಪಿಟ್‌ಫೈರ್‌ನ ಪೆಡಲ್ ಹೈಡ್ರಾಲಿಕ್. ಪೆಡಲ್ ಡಬ್ಬಿ ಕತ್ತರಿಸುವಂತಿಲ್ಲ. ಹೀಗಾಗಿ ಬೆಲ್‌ಹೌಸಿಂಗ್ ಬೋಲ್ಟಿಗೇ ಬ್ರ್ಯಾಕೆಟ್ ಕಟ್ಟಿ, ಕೇಬಲ್ ಎಳೆಯುವ ದಿಕ್ಕಿಗೇ ಕ್ಲಚ್ ತೋಳನ್ನು ತಳ್ಳುವಂತೆ ಸ್ಲೇವ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ತಳ್ಳುವ ಸಿಲಿಂಡರ್) ಇಟ್ಟೆವು.

ಕೈಗೆ ಸಿಕ್ಕ 7/8 ಇಂಚಿನ ಸ್ಲೇವ್ ಹಾಕಿ ನೋಡಿದರೆ ರಿವರ್ಸ್ ಬೀಳುವಾಗ ಕರಕರ. ಲೆಕ್ಕ ಮಾಡಬೇಕಿತ್ತು, ಆಮೇಲೆ ಮಾಡಿದೆವು. ಈ ಕಾರಿನ ಮಾಸ್ಟರ್, ಅಂದರೆ ಪೆಡಲಿನ ಕಡೆಯ ಸಿಲಿಂಡರ್, 5/8 ಇಂಚು, ಪಿಸ್ಟನ್ ಓಟ 30 ಮಿ.ಮೀ. ಅಷ್ಟು ಎಣ್ಣೆಗೆ 7/8ರ ಸ್ಲೇವ್ ಸರಿಯುವುದು 15 ಮಿ.ಮೀ. ಕ್ಲಚ್ ಪೂರ್ತಿ ಬಿಡಲು ತೋಳು 19 ಮಿ.ಮೀ. ಸರಿಯಬೇಕು. 3/4 ಇಂಚಿನದು ಹಾಕಿದರೆ 21 ಮಿ.ಮೀ. ಸಿಗುತ್ತದೆ. ಅದನ್ನೇ ತಂದೆವು, ಕರಕರ ನಿಂತಿತು. ಪೆಡಲ್ ಸ್ವಲ್ಪ ಬಿಗಿಯಾಯಿತು, ಅಷ್ಟೆ. ಬೇಡವಾದ ಮೊದಲ ಸ್ಲೇವ್ ಸೇರಿ 4,300.

ಹಂತ 9. ಜೂನ್: ಪೆಟ್ರೋಲ್

ಮೂಲ ಪಂಪ್ ಕಾರ್ಬ್ಯುರೇಟರಿಗೆ ಪೆಟ್ರೋಲ್ ಮೆಲ್ಲಗೆ ತಳ್ಳುವಂಥದ್ದು. ಎಂಪಿಎಫ್‌ಐಗೆ ಬೇಕಾದ್ದು ಅದರ ಹತ್ತಾರು ಪಟ್ಟು ಒತ್ತಡ, ಜೊತೆಗೆ ಉಳಿದ ಪೆಟ್ರೋಲ್ ವಾಪಸ್ ಬರುವ ಪೈಪು. ಸ್ಪಿಟ್‌ಫೈರ್ ಟ್ಯಾಂಕಿನಲ್ಲಿ ವಾಪಸ್ ಪೈಪಿಗೆ ಬಾಯಿಯೇ ಇಲ್ಲ. ಟ್ಯಾಂಕಿಗೂ ತೂತು ಬೇಡವೆಂದು, ಡಿಕ್ಕಿಯಲ್ಲಿ ಒಂದೂವರೆ ಲೀಟರಿನ ಚಿಕ್ಕ ಟ್ಯಾಂಕ್ ಇಟ್ಟೆವು. ದೊಡ್ಡ ಟ್ಯಾಂಕಿನಿಂದ ಕಡಿಮೆ ಒತ್ತಡದ ಪಂಪ್ ಇದಕ್ಕೆ ತುಂಬುತ್ತದೆ, ಇದರಿಂದ ಹೆಚ್ಚು ಒತ್ತಡದ ಪಂಪ್ ಇಂಜಿನ್ನಿಗೆ ಒಯ್ಯುತ್ತದೆ, ಇಂಜಿನ್ ಬಿಟ್ಟದ್ದು ಇದಕ್ಕೇ ಬರುತ್ತದೆ. ಇದರ ಮೇಲ್ಬಾಯಿಯಿಂದ ದೊಡ್ಡ ಟ್ಯಾಂಕಿನ ಅಳತೆಗೋಲಿನ ಪ್ಲೇಟಿಗೆ ಒಂದು ಸಣ್ಣ ನಳಿಕೆ. ಆ ಪ್ಲೇಟ್ ಹೊಸದು, ಹಳೆಯದು ಹೆಸರು ಬರೆದ ಚೀಲದಲ್ಲಿದೆ.

ಹೋಸ್ ವಿಷಯದಲ್ಲಿ ಕಂಜೂಸಿ ಬೇಡ. ಮೊದಲು ಹಾಕಿದ್ದು ಕಾರ್ಬ್ಯುರೇಟರ್ ಗಾಡಿಗಳ ಸಾದಾ ಹೋಸ್, 600 ರೂಪಾಯಿಯದು. ಒಂಬತ್ತನೇ ದಿನ ಕ್ಲಿಪ್ಪಿನ ಹತ್ತಿರ ಬೆವರಿತು, ಹನ್ನೊಂದನೇ ದಿನ ಹನಿಯಿತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ20. ಹಳೆಯ ನಮೂನೆಯ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಆರ್9 ಎಂದು ಮೈಮೇಲೆ ಅಚ್ಚಾಗಿರುವ ಇಂಜೆಕ್ಷನ್ ಹೋಸ್ ಮತ್ತು ಅಂಚು ಮಡಚಿದ ಕ್ಲಿಪ್ಪನ್ನೇ ಹಾಕಿ. ಹಲ್ಲಿನ ಕ್ಲಿಪ್ ರಬ್ಬರನ್ನು ಕುಯ್ಯುತ್ತದೆ. ಪೆಟ್ರೋಲಿನ ಕೆಲಸಕ್ಕೆ ಒಟ್ಟು 13,500. ಬೆಂಕಿ ಆರಿಸುವ ಸಿಲಿಂಡರ್ ಶೆಡ್ಡಿನ ಬಾಗಿಲಲ್ಲಿ ಮೊದಲೇ ಇತ್ತು.

ಹಂತ 10. ಜೂನ್ 22: ವೈರಿಂಗ್, ಹೊಗೆ

ಜಿಪ್ಸಿಯ ವೈರಿಂಗ್ ಬಿಡಿಸಿ ದೀಪ, ವೈಪರ್, ಹಾರ್ನಿನದು ಬೇರೆ ಮಾಡಿ, ಇಂಜಿನ್ನಿಗೆ ಬೇಕಾದ್ದಷ್ಟನ್ನೇ ಇಟ್ಟುಕೊಂಡೆವು. ಹೊರಗಿನಿಂದ ಜೋಡಿಸಬೇಕಾದ್ದು ಐದೇ: ಬ್ಯಾಟರಿಯ ಕಾಯಂ ತಂತಿ, ಕೀಲಿಯ ತಂತಿ, ಸ್ಟಾರ್ಟರ್, ಇಂಜಿನ್ ಚೆಕ್ ದೀಪ, ಅರ್ಥಿಂಗ್. ಪೆಟ್ರೋಲ್ ಪಂಪನ್ನು ಕೀಲಿಗೆ ನೇರ ಕೊಡಬೇಡಿ. ಇಸಿಯು ಆಳುವ ರಿಲೇ ಮೂಲಕ, 15 ಆಂಪಿಯರ್ ಫ್ಯೂಸ್ ಹಾಕಿ ಕೊಡಿ. ಆಗ ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಅಪಘಾತದಲ್ಲಿ ಪೆಟ್ರೋಲ್ ಸುರಿಯುತ್ತಿರುವುದಿಲ್ಲ. ಖರ್ಚು 6,000.

ಎಲ್ಲ ಮುಗಿಸಿ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಒಂದು ಸಲ ನರಳಿ ನಿಂತಿತು, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ. ಎಕ್ಸಲರೇಟರ್ ಕೇಬಲಿನ ಹೊರಕವಚ ಕರಗಿ ತಂತಿಗೆ ಮೆತ್ತಿಕೊಂಡಿತ್ತು. ಇಂಜಿನ್ ಮತ್ತು ಚಾಸಿ ನಡುವೆ ಅರ್ಥಿಂಗ್ ಪಟ್ಟಿಯನ್ನೇ ಹಾಕಿರಲಿಲ್ಲ. ನಾಲ್ಕೂ ಕಡೆ ರಬ್ಬರ್ ಮೇಲೆ ಕೂತ ಇಂಜಿನ್ನಿನಿಂದ ಸ್ಟಾರ್ಟರಿನ ನೂರಾರು ಆಂಪಿಯರ್ ವಾಪಸ್ ಹೋಗಲು ಸಿಕ್ಕ ದಾರಿ ಆ ಕೇಬಲ್ ಒಂದೇ. 25 ಚದರ ಮಿ.ಮೀ. ತಾಮ್ರದ ಪಟ್ಟಿಯನ್ನು ಬ್ಲಾಕಿನಿಂದ ಚಾಸಿಗೆ, ಇನ್ನೊಂದನ್ನು ಚಾಸಿಯಿಂದ ಬಾಡಿಗೆ, ಬಣ್ಣ ಕೆರೆದ ಜಾಗದಲ್ಲಿ ಕಟ್ಟಿದೆವು. ಈ ಪಟ್ಟಿಯನ್ನು ಮೊದಲು ಹಾಕಿ, ಬ್ಯಾಟರಿಯನ್ನು ಕೊನೆಗೆ.

ಹಂತ 11. ಜೂನ್ 29: ಮೊದಲ ಸಲ ಉರಿದದ್ದು, ಸುಳ್ಳು ಹೇಳಿದ ಮುಳ್ಳು

ಎರಡನೇ ಸುತ್ತಿಗೇ ಹೊತ್ತಿಕೊಂಡಿತು. ಹತ್ತು ನಿಮಿಷ ಓಡಿದರೂ ಬಿಸಿಯ ಮುಳ್ಳು ಅರ್ಧಕ್ಕೂ ಬರಲಿಲ್ಲ. ಎಲ್ಲರೂ ತಂಪಾಗಿಯೇ ಇದೆ ಅಂದುಕೊಂಡರು. ಲೇತಿನವರು ಮೇಲಿನ ಹೋಸ್ ಮುಟ್ಟಿ ಕೈ ಹಿಂತೆಗೆದುಕೊಂಡರು, ಕಲ್ಲಿನಂತೆ ಬಿಗಿದಿತ್ತು. ದೂರದಿಂದ ಅಳೆಯುವ ಗನ್ ಹಿಡಿದರೆ ಹೆಡ್ಡಿನ ಬಾಯಲ್ಲಿ 108 ಡಿಗ್ರಿ. ಕೂಡಲೇ ಬಂದ್.

ಸ್ಪಿಟ್‌ಫೈರ್‌ನ ರೇಡಿಯೇಟರ್ ತಗ್ಗಿನಲ್ಲಿದೆ, ಹೆಡ್ಡಿನ ನೀರಿನ ಬಾಯಿ ಅದಕ್ಕಿಂತ ಮೇಲೆ. ಗಾಳಿ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು, ಸೆನ್ಸರ್ ನೀರಿನ ಬದಲು ಗಾಳಿಯಲ್ಲಿ ಕೂತಿತ್ತು. ಗಾಳಿಯಲ್ಲಿ ಕೂತ ಸೆನ್ಸರ್ ಕಡಿಮೆಯೇ ತೋರಿಸುತ್ತದೆ, ನಂಬಬೇಡಿ. ಇಂಜಿನ್ ಕೋಣೆಯ ಹಿಂದಿನ ಗೋಡೆಯ ಮೇಲೆ, ಹೆಡ್ಡಿಗಿಂತ 60 ಮಿ.ಮೀ. ಎತ್ತರಕ್ಕೆ, ಒತ್ತಡದ ಮುಚ್ಚಳವಿರುವ ಎಕ್ಸ್‌ಪಾನ್ಶನ್ ಟ್ಯಾಂಕ್ ಕಟ್ಟಿ, ಹೆಡ್ಡಿನ ತುದಿಯಿಂದ ಅದಕ್ಕೆ ಗಾಳಿ ಹೋಗುವ ನಳಿಕೆ ಕೊಟ್ಟೆವು. ಮೂತಿಯನ್ನು ಜಾಕಿನಿಂದ ಎತ್ತಿ, ಹೀಟರ್ ತೆರೆದಿಟ್ಟು, ಹೋಸುಗಳನ್ನು ಹಿಂಡುತ್ತಾ ನೀರು ತುಂಬಿದರೆ ಮೊದಲಿಗಿಂತ ಒಂದು ಲೀಟರ್ ಹೆಚ್ಚು ಹಿಡಿಯಿತು. ಆ ಒಂದು ಲೀಟರ್ ಜಾಗದಲ್ಲಿ ಗಾಳಿ ಇತ್ತು. ಜಿಪ್ಸಿಯ ಫ್ಯಾನ್ ಕೂರಲು ಜಾಗವಿಲ್ಲ, ವಿದ್ಯುತ್ ಫ್ಯಾನ್ ಹಾಕಿದೆ. ಈಗ ಐಡ್ಲಿಂಗಿನಲ್ಲಿ 88ರಿಂದ 93. ಖರ್ಚು 8,900. ಸೈಲೆನ್ಸರ್ ಪೈಪು, ಹಳೆಯ ದಾರಿಯಲ್ಲೇ, 7,000.

ಹಂತ 12. ಜುಲೈ: ಎರಡೂ ಡಯಲ್ ಸತ್ತವು

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನು ಬಿಟ್ಟ ಮೇಲೆ ಕೇಬಲಿಗೆ ಜಾಗವೇ ಇಲ್ಲ. ಸ್ಪಿಟ್‌ಫೈರ್‌ನ ಆರ್‌ಪಿಎಂ ಡಯಲ್ ತಿರುಗುತ್ತಿದ್ದದ್ದು ಹಳೆಯ ಡಿಸ್ಟ್ರಿಬ್ಯೂಟರಿನ ಕೇಬಲಿನಿಂದ, ಅದೂ ಇಲ್ಲ. ಡಿಫ್ ಫ್ಲ್ಯಾಂಜಿನ ನಾಲ್ಕು ಬೋಲ್ಟ್ ತಲೆಗಳ ಎದುರು, ಹಾದುಹೋಗುವ ಕಬ್ಬಿಣವನ್ನು ಕಾಂತದಿಂದ ಗುರುತಿಸುವ ಹಾಲ್ ಸೆನ್ಸರ್ ಇಟ್ಟು, ಆ ಸಂಕೇತವನ್ನು ಕೇಬಲ್ ತಿರುಗಿಸುವ ಪುಟ್ಟ ಮೋಟಾರಿಗೂ ಇಸಿಯುಗೂ ಕೊಟ್ಟೆವು. ಆರ್‌ಪಿಎಂ ಡಯಲಿಗೂ ಇನ್ನೊಂದು ಮೋಟಾರ್, ಇಸಿಯು ಸಂಕೇತದ ಮೇಲೆ. ಮೂಲ ಡಯಲುಗಳ ಒಳಗೆ ಕೈಹಾಕಿಲ್ಲ. 11,000.

ಇದೇ ತಿಂಗಳು ಗೇರ್‌ಬಾಕ್ಸಿನ ಮುಚ್ಚಳ. ಮೂಲ ರಟ್ಟಿನ ಮುಚ್ಚಳ ಜಿಪ್ಸಿ ಬಾಕ್ಸಿಗೆ ಸಣ್ಣದು, ಗೇರ್ ಕಡ್ಡಿಯೂ 70 ಮಿ.ಮೀ. ಹಿಂದೆ ಬರುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಫೈಬರ್ ಮ್ಯಾಟ್ ಮೂರು ಪದರ ಹಾಕಿ ಹೊಸದು ಎರಕ ಹೊಯ್ದೆವು. ಹೊರಗೆ ಪುಣೆಯ ಮಳೆ ಹಿಡಿದುಕೊಂಡಿತ್ತು. ಶೆಡ್ಡಿನ ತಗಡಿನ ಒಳಮೈ ಹನಿಯುತ್ತಿತ್ತು. ರೆಸಿನ್ ಅಂಟನ್ನು ಗಟ್ಟಿಯಾಗಿಸುವ ದ್ರಾವಣ ನೂರಕ್ಕೆ 1 ಹಾಕಿದ್ದು ಸಾಲದೆ, ಮೂರು ದಿನವಾದರೂ ಮೇಲ್ಮೈ ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತಿತ್ತು. 1,300 ರೂಪಾಯಿಯ ಮಾಲು ಕೆರೆದು ಎಸೆದೆವು. ಎರಡನೇ ಸಲ ದ್ರಾವಣ ನೂರಕ್ಕೆ 2, ಮ್ಯಾಟನ್ನು ಹಿಂದಿನ ರಾತ್ರಿ ಬಲ್ಬಿನ ಕೆಳಗೆ ಒಣಗಿಸಿ, ಮೇಲೆ ಪಾಲಿಥಿನ್ ಹಾಳೆ ಮುಚ್ಚಿದ್ದು. ನಾಲ್ಕು ಗಂಟೆಯಲ್ಲಿ ಟಣ್ ಎನ್ನುವಂತಾಯಿತು. ಒಟ್ಟು 5,400.

ಹಂತ 13. ಆಗಸ್ಟ್: ಓಡಿಸಿ ನೋಡಿದ್ದು

ಚಾಕಣ್ ಹತ್ತಿರದ ಒಳದಾರಿಯಲ್ಲಿ 900 ಮೀಟರ್ ನೇರ ಸಿಗುತ್ತದೆ. ಟೈರ್ 155/80 ಆರ್13, ಡಿಫ್ 4.11. 80 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ 3,100 ಆರ್‌ಪಿಎಂ, ಐದನೆಯದಕ್ಕೆ 2,450. ಹಳೆಯ ಬಾಕ್ಸಿನಲ್ಲಿ ಕೊನೆಯ ಗೇರ್ ನಾಲ್ಕನೆಯದೇ. ಆ 650 ಸುತ್ತಿನ ವ್ಯತ್ಯಾಸ ಕಿವಿಗೆ ಮೊದಲು ತಿಳಿಯುತ್ತದೆ. ಹಿಂದಿನ ಸ್ವಿಂಗ್ ಆಕ್ಸಲ್ ಹಾಗೆಯೇ ಇದೆ. ತಿರುವಿನ ನಡುವೆ ಥಟ್ಟನೆ ಎಕ್ಸಲರೇಟರ್ ಬಿಟ್ಟರೆ ಹಿಂಚಕ್ರ ಒಳಗೆ ಮಡಚಿಕೊಳ್ಳುವ ಅದರ ಗುಣ ಇಂಜಿನ್ ಬದಲಿಸಿದರೆ ಹೋಗುವುದಿಲ್ಲ. ಮೂತಿ ಹಗುರಾದ ಮೇಲೆ ಹೆಚ್ಚೇ ಎಚ್ಚರ ಬೇಕು.

ಸಾಮಾನು, ಹೊರಗೆ ಕೊಟ್ಟ ಕೆಲಸ, ಸಾಗಣೆ, ಪಾನಾ ಸೇರಿ ಒಟ್ಟು 1,67,700 ರೂಪಾಯಿ.

ಇನ್ನೂ ಬಗೆಹರಿಯದ್ದು ಎರಡು. ದೊಡ್ಡ ಟ್ಯಾಂಕಿನಲ್ಲಿ 8 ಲೀಟರಿಗಿಂತ ಕಡಿಮೆ ಇದ್ದಾಗ ಉದ್ದನೆಯ ಎಡ ತಿರುವಿನಲ್ಲಿ ಮೊದಲ ಪಂಪ್ ಗಾಳಿ ಎಳೆಯುತ್ತದೆ, ಚಿಕ್ಕ ಟ್ಯಾಂಕ್ ಬರಿದಾಗುವವರೆಗೆ ಮಾತ್ರ ಇಂಜಿನ್ ತಾಳುತ್ತದೆ. ಹೀರುವ ನಳಿಕೆಯನ್ನು ಟ್ಯಾಂಕಿನ ಬಲಮೂಲೆಗೆ 40 ಮಿ.ಮೀ. ಬಗ್ಗಿಸಿ ನೋಡಬೇಕು. ಇನ್ನೊಂದು, ಮೂಲ ಇಂಜಿನ್ನಿನ ಹಿಂದಿನ ಕ್ಯಾಪ್ ಮತ್ತು ಬ್ಲಾಕಿನ ತಿಂದ ಮುಖವನ್ನು ಮಷಿನಿಂಗ್ ಮಾಡಿ ದಪ್ಪ ವಾಷರ್ ಕೂರಿಸಬಹುದೇ ಎಂದು ಲೇತಿನವರು ಅಳೆಯುತ್ತಿದ್ದಾರೆ. ಮುಖ ಚೊಕ್ಕಟವಾಗಲು 0.8 ಮಿ.ಮೀ. ತೆಗೆಯಬೇಕಾಗುತ್ತದೆ. ಬ್ಲಾಕ್ ಈಗ ಅವರ ಮೇಜಿನ ಮೇಲಿದೆ, ದೀಪಾವಳಿ ಕಳೆದ ಮೇಲೆ ಮಷಿನ್ನಿಗೆ ಏರುತ್ತದೆ.